ಠಾಣೆಯ ಮೆಟ್ಟಿಲು, ಕೈಯಲ್ಲೊಂದು ಚೀಟಿ



ಮಲೆನಾಡಿನಲ್ಲಿ ಒಂದು ಮನೆತನವನ್ನು ಹೊಗಳಬೇಕಾದರೆ ಹಿರಿಯರು ಆಡುವ ಮಾತೊಂದಿದೆ: ಮೂರು ತಲೆಮಾರಿನಿಂದ ಠಾಣೆಯ ಮೆಟ್ಟಿಲು ಹತ್ತಿದವರಲ್ಲ. ಈ ಹೊಗಳಿಕೆಯೊಳಗೆ ಒಂದು ಅಂಜಿಕೆಯೂ ಅಡಗಿದೆ. ದೂರು ಕೊಡಲು ಹೋದವನಿಗೂ ದೂರಿಗೆ ಗುರಿಯಾದವನಿಗೂ ಠಾಣೆಯಲ್ಲಿ ಮೆತ್ತುವುದು ಒಂದೇ ಮಸಿ ಎಂಬ ಅಂಜಿಕೆ ಅದು. ಮೆಟ್ಟಿಲು ಹತ್ತದಿರುವುದನ್ನೇ ಜಾಣತನ ಎಂದುಕೊಂಡು ಬಂದವರು, ಹತ್ತಲೇಬೇಕಾದ ದಿನ ಏನು ಕೇಳಬೇಕು, ಯಾವುದಕ್ಕೆ ಸಹಿ ಹಾಕಬಾರದು, ಎಷ್ಟು ಹೊತ್ತು ಕೂರಬೇಕು ಎಂಬುದೊಂದೂ ತಿಳಿಯದೆ ಬೆಂಚಿನ ತುದಿಯಲ್ಲಿ ಕೂತಿರುತ್ತಾರೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಜನ ಇಂಥ ಬೆಂಚಿನ ಮೇಲೆ ಕೂರುವ ಸಂದರ್ಭಗಳು ಬಹುಪಾಲು ಸಣ್ಣವು. ಅಂಗಳದಲ್ಲಿ ಒಣಹಾಕಿದ ಅಡಿಕೆ ಬೆಳಗಾಗುವಷ್ಟರಲ್ಲಿ ಕಡಿಮೆಯಾಗಿರುತ್ತದೆ. ಪಕ್ಕದ ತೋಟದವರ ಬೇಲಿ ಒಂದು ಮಳೆಗಾಲ ಕಳೆಯುವುದರೊಳಗೆ ಎರಡು ಅಡಿ ಈಚೆ ಬಂದಿರುತ್ತದೆ. ಸಂತೆಯ ದಿನ ಕುಡಿದವನೊಬ್ಬ ಬಸ್‌ಸ್ಟ್ಯಾಂಡಿನಲ್ಲಿ ರಂಪ ಮಾಡುತ್ತಾನೆ. ಹೆಲ್ಮೆಟ್ ಇಲ್ಲದ ಬೈಕು ತಿರುವಿನಲ್ಲಿ ಸಿಕ್ಕಿಬೀಳುತ್ತದೆ. ಚುನಾವಣೆ ಘೋಷಣೆಯಾದರೆ ಹಂದಿ, ಮಂಗಗಳಿಂದ ಬೆಳೆ ಕಾಯಲು ಇಟ್ಟುಕೊಂಡ ಕೋವಿ ಠಾಣೆಗೆ ಹೋಗಬೇಕು. ಜಯಪುರ, ಹರಿಹರಪುರ, ಬಾಳೆಹೊನ್ನೂರಿನ ಠಾಣೆಗಳನ್ನೂ ಸೇರಿಸಿಕೊಂಡು ನೋಡಿದರೆ ಈ ಭಾಗದ ನಾಗರಿಕನಿಗೂ ಕಾನೂನಿಗೂ ಪರಿಚಯವಾಗುವುದು ಇಂಥ ಸಣ್ಣ ಬಾಗಿಲುಗಳ ಮೂಲಕವೇ.

ಈ ಬಾಗಿಲುಗಳಲ್ಲಿ ವ್ಯವಹಾರ ನಡೆಯುವುದು ಬಾಯಿಮಾತಿನಲ್ಲಿ. "ಬಂದು ಹೋಗಿ", "ನೋಡೋಣ", "ರಾಜಿ ಮಾಡ್ಕೊಳ್ಳಿ". ಕಾನೂನು ಮಾತ್ರ ಮಾತಾಡುವುದು ಕಾಗದದಲ್ಲಿ. ಸ್ವೀಕೃತಿ, ನೋಟಿಸು, ದಸ್ತಗಿರಿ ಪತ್ರ, ಮಹಜರು, ಹಿಂಬರಹ, ರಸೀದಿ: ಪೊಲೀಸರ ಎದುರು ನಿಂತ ಸಾಮಾನ್ಯನ ಹಕ್ಕುಗಳಲ್ಲಿ ಹೆಚ್ಚಿನವು ಇಂಥ ಒಂದಲ್ಲ ಒಂದು ಚೀಟಿಯ ರೂಪದಲ್ಲಿವೆ. ಬಾಯಿಮಾತನ್ನು ಚೀಟಿಗೆ ಇಳಿಸುವುದು ಹೇಗೆ ಎಂಬುದೇ ಈ ಉಪನ್ಯಾಸದ ವಿಷಯ.

ಮೊದಲು ಅಡಿಕೆಯಿಂದ ಶುರುಮಾಡುವುದು ಒಳ್ಳೆಯದು. 2024ರ ಜುಲೈ 1ರಿಂದ 1860ರ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯೂ, 1973ರ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಬಂದಿವೆ. ಕಳವಿನ ಕಲಂಗೆ ಹೊಸದೊಂದು ಮಾತು ಸೇರಿದೆ. ಕದ್ದ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಸಲ ಶಿಕ್ಷೆಗೆ ಒಳಗಾಗುವವನು ಮಾಲನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ, ಅವನಿಗೆ ಸಮುದಾಯ ಸೇವೆಯ ಶಿಕ್ಷೆ. ಕೂಲಿಯಿಲ್ಲದೆ ಊರಿಗೆ ಉಪಯೋಗವಾಗುವ ಕೆಲಸವನ್ನು ನ್ಯಾಯಾಲಯ ಹೇಳುತ್ತದೆ, ಅವನು ಮಾಡಬೇಕು. ಹಸಿವಿಗೋ ಚಟಕ್ಕೋ ಒಮ್ಮೆ ಕೈಯಾಡಿಸಿದವನನ್ನು ಜೈಲಿಗೆ ತಳ್ಳುವುದಕ್ಕಿಂತ ಇದು ಮಾನವೀಯ ಎಂಬುದರಲ್ಲಿ ಅನುಮಾನವಿಲ್ಲ.

ಆದರೆ ಇದೇ ಕಳವು ನಾಗರಿಕ ಸುರಕ್ಷಾ ಸಂಹಿತೆಯ ಅನುಸೂಚಿಯಲ್ಲಿ ಅಸಂಜ್ಞೇಯ ಎಂದು ಸೇರಿಕೊಂಡಿದೆ. ಅಸಂಜ್ಞೇಯ ಅಪರಾಧವೆಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ, ವಾರಂಟಿಲ್ಲದೆ ಹಿಡಿಯುವಂತಿಲ್ಲ. ಒಣ ಅಡಿಕೆ ಕ್ವಿಂಟಾಲಿಗೆ 50,000 ರೂಪಾಯಿ ಇದ್ದರೆ ಸರಿಯಾಗಿ ಹತ್ತು ಕೆ.ಜಿ.ಗೆ ಈ ಗೆರೆ ಬೀಳುತ್ತದೆ. ಒಂಬತ್ತು ಕೆ.ಜಿ. ಕಳಕೊಂಡ ಬೆಳೆಗಾರ ಠಾಣೆಗೆ ಹೋದರೆ ಬರಹಗಾರರು "ಇದು ಎನ್‌.ಸಿ. (ಅಸಂಜ್ಞೇಯ), ಕೋರ್ಟಿಗೆ ಹೋಗಿ" ಎನ್ನಬಹುದು. ಅವರು ಸುಳ್ಳು ಹೇಳುತ್ತಿಲ್ಲ, ಅರ್ಧ ಹೇಳುತ್ತಿದ್ದಾರೆ ಅಷ್ಟೇ. ಸಂಹಿತೆಯ 174ನೆಯ ಕಲಂ ಪ್ರಕಾರ ದೂರಿನ ಸಾರವನ್ನು ಠಾಣೆಯ ಪುಸ್ತಕದಲ್ಲಿ ಬರೆದುಕೊಂಡ ಮೇಲೆಯೇ ದೂರುದಾರನನ್ನು ಮ್ಯಾಜಿಸ್ಟ್ರೇಟರ ಬಳಿಗೆ ಕಳಿಸಬೇಕು. ಇಂಥ ಪ್ರಕರಣಗಳ ದಿನಚರಿ ವರದಿ ಹದಿನೈದು ದಿನಕ್ಕೊಮ್ಮೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕೆಂಬುದು ಹೊಸ ಸಂಹಿತೆ ಸೇರಿಸಿದ ನಿಯಮ. ಬರೆದುಕೊಳ್ಳದೆ ಹಿಂದಕ್ಕೆ ಕಳಿಸಿದರೆ ಆ ವರದಿಯಲ್ಲಿ ಇವನ ಅಡಿಕೆ ಇರುವುದೇ ಇಲ್ಲ.

ಇನ್ನೂ ಒಂದು ಸೂಕ್ಷ್ಮವಿದೆ, ಮಲೆನಾಡಿನ ಮನೆಗಳಿಗೆ ಅದು ಬಹಳ ಮುಖ್ಯ. ಬಯಲಿನ ಅಂಗಳದಿಂದ ಹೋದ ಅಡಿಕೆ ಸಾಮಾನ್ಯ ಕಳವು. ವಾಸದ ಮನೆಯಿಂದಲೋ ಮಾಲು ಇಡುವ ಕಟ್ಟಡದಿಂದಲೋ ಹೋದದ್ದು ಬೇರೆ ಕಲಂ, ಏಳು ವರ್ಷದವರೆಗಿನ ಶಿಕ್ಷೆ, ಸಂಜ್ಞೇಯ. ಅಲ್ಲಿ ಬೆಲೆಯ ಗೆರೆಯೇ ಇಲ್ಲ. ಕೆಲಸಕ್ಕಿದ್ದವನು ಯಜಮಾನನ ಸ್ವಾಧೀನದಲ್ಲಿದ್ದ ಮಾಲು ಕದ್ದರೂ ಹೀಗೆಯೇ ಏಳು ವರ್ಷ. ಹೊರಗಿನ ಕಳ್ಳ ಅಂಗಳದಿಂದ ಎಂಟು ಕೆ.ಜಿ. ಹೊತ್ತರೆ ಸಮುದಾಯ ಸೇವೆ, ತೋಟದ ಆಳು ಎರಡು ಕೆ.ಜಿ. ಕಾಳುಮೆಣಸು ಚೀಲಕ್ಕೆ ಹಾಕಿಕೊಂಡರೆ ಏಳು ವರ್ಷದ ಕಲಂ. ನಂಬಿಕೆದ್ರೋಹ ದೊಡ್ಡದು ಎಂಬ ಹಳೆಯ ನ್ಯಾಯ ಇದರ ಹಿಂದಿದೆ. ಆದರೆ ದೂರು ಬರೆಯುವ ಕೈ ಯಾವಾಗಲೂ ಯಜಮಾನನದೇ ಆಗಿರುತ್ತದೆ ಎಂಬುದನ್ನೂ ಮರೆಯಬಾರದು.

ಸಂಜ್ಞೇಯ ಅಪರಾಧದ ಮಾಹಿತಿ ಬಂದಾಗ ಪ್ರಥಮ ವರ್ತಮಾನ ವರದಿ ದಾಖಲಿಸುವುದು ಕಡ್ಡಾಯವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರ ಲಲಿತಾ ಕುಮಾರಿ ತೀರ್ಪಿನಲ್ಲಿ ಹೇಳಿತು. ಹೊಸ ಸಂಹಿತೆ ಇದನ್ನು ಸ್ವಲ್ಪ ಸಡಿಲಿಸಿದೆ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು ಹದಿನಾಲ್ಕು ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಬಹುದು. ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು, ಸರಹದ್ದಿನ ನೆಪ ನಿಲ್ಲುವುದಿಲ್ಲ. ಶೃಂಗೇರಿಯಿಂದ ಹೊರಟ ಬಸ್ಸಿನಲ್ಲಿ ಸಾಮಾನು ಕಳಕೊಂಡವರು ಕೊಪ್ಪದಲ್ಲಿ ಇಳಿದು ದೂರು ಬರೆಸಬಹುದು, ಅದು ಮುಂದೆ ಸಂಬಂಧಪಟ್ಟ ಠಾಣೆಗೆ ಹೋಗುತ್ತದೆ. ಮಿಂಚಂಚೆಯಲ್ಲಿ ಕೊಟ್ಟ ದೂರಿಗೆ ಮೂರು ದಿನದೊಳಗೆ ಬಂದು ಸಹಿ ಹಾಕಬೇಕು. ವರದಿಯ ಪ್ರತಿ ದೂರುದಾರನಿಗೆ ಉಚಿತ. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ವರದಿಗಳು 24 ಗಂಟೆಯೊಳಗೆ ಜಾಲತಾಣಕ್ಕೆ ಏರಬೇಕೆಂದು 2016ರಲ್ಲಿ ಸುಪ್ರೀಂ ಕೋರ್ಟು ಆದೇಶಿಸಿತು. ಭೂಪ್ರದೇಶದ ಕಾರಣದಿಂದ ಸಂಪರ್ಕ ಕಷ್ಟವಾದ ಕಡೆ ಹೆಚ್ಚೆಂದರೆ 72 ಗಂಟೆ. ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತುವ ಊರುಗಳ ನೆನಪು ನ್ಯಾಯಮೂರ್ತಿಗಳಿಗೂ ಇತ್ತೆಂದು ಕಾಣುತ್ತದೆ.

ಸಭಿಕರೇ, ಈಗ ಠಾಣೆಯಿಂದ ಬರುವ ಫೋನ್ ಕರೆಯ ವಿಚಾರ. "ಸ್ಟೇಷನ್ನಿಂದ ಮಾತಾಡೋದು, ನಾಳೆ ಬಂದು ಹೋಗಿ." ಯಾಕೆಂದು ಕೇಳಿದರೆ "ಬನ್ನಿ, ಹೇಳ್ತೀವಿ." ರಾತ್ರಿಯಿಡೀ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ.

ಕಾನೂನಿಗೆ ಇಂಥ ಕರೆಯ ಪರಿಚಯವೇ ಇಲ್ಲ. ಸಾಕ್ಷಿಯಾಗಿ ಕರೆಯುವುದಾದರೆ 179ನೆಯ ಕಲಂ ಪ್ರಕಾರ ಲಿಖಿತ ಆದೇಶ ಬೇಕು. ಅದೂ ಆ ಠಾಣೆಯ ಅಥವಾ ಪಕ್ಕದ ಠಾಣೆಯ ಸರಹದ್ದಿನಲ್ಲಿ ಇರುವವರನ್ನು ಮಾತ್ರ ಕರೆಯಬಹುದು. ಹೆಂಗಸರು, ಹದಿನೈದರೊಳಗಿನ ಹುಡುಗರು, ಅರವತ್ತು ದಾಟಿದ ಗಂಡಸರು, ಅಂಗವಿಕಲರು, ತೀವ್ರ ಕಾಯಿಲೆಯವರು ಇದ್ದಲ್ಲಿಗೇ ಪೊಲೀಸರು ಹೋಗಿ ಹೇಳಿಕೆ ಪಡೆಯಬೇಕು, ಇವರನ್ನು ಠಾಣೆಗೆ ಬರುವಂತೆ ಒತ್ತಾಯಿಸುವಂತಿಲ್ಲ. ಆರೋಪಿಯೆಂದು ಕರೆಯುವುದಾದರೆ, ದಸ್ತಗಿರಿ ಅಗತ್ಯವಿಲ್ಲದ ಸಂದರ್ಭದಲ್ಲಿ 35ನೆಯ ಕಲಂನ ನೋಟಿಸು ಕೊಡಬೇಕು. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಸುಮ್ಮನೆ ಹಿಡಿದು ಕೂರಿಸುವ ಅಭ್ಯಾಸಕ್ಕೆ ಸುಪ್ರೀಂ ಕೋರ್ಟಿನ 2014ರ ಅರ್ನೇಶ್ ಕುಮಾರ್ ತೀರ್ಪು ಮೂಗುದಾರ ಹಾಕಿತು. ನೋಟಿಸಿನಂತೆ ನಡೆದುಕೊಂಡವನನ್ನು ಹಿಡಿಯಬೇಕಾದರೆ ಕಾರಣ ಬರೆದಿಡಬೇಕು. ಇಂಥ ನೋಟಿಸನ್ನು ವಾಟ್ಸ್ಆ್ಯಪಿನಲ್ಲಿ ಕಳಿಸಿ ಕೈತೊಳೆದುಕೊಳ್ಳುವಂತಿಲ್ಲವೆಂದು ಸುಪ್ರೀಂ ಕೋರ್ಟು 2025ರ ಜನವರಿಯಲ್ಲಿ ಹೇಳಿದೆ. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧದಲ್ಲಿ ಅರವತ್ತು ದಾಟಿದವರನ್ನೂ ಅಶಕ್ತರನ್ನೂ ಡಿವೈಎಸ್‌ಪಿ ಅನುಮತಿಯಿಲ್ಲದೆ ದಸ್ತಗಿರಿ ಮಾಡುವಂತಿಲ್ಲ.

ಕರೆ ಮಾಡಿದವರೊಂದಿಗೆ ಜಗಳಕ್ಕಿಳಿಯಬೇಕೆಂದು ಇದರ ಅರ್ಥವಲ್ಲ. "ಬರ್ತೀನಿ ಸಾರ್, ಒಂದು ನೋಟಿಸು ಕೊಡಿ" ಎಂಬುದು ವಿನಯದ ಮಾತೇ.

ಹೇಳಿಕೆಯ ವಿಚಾರದಲ್ಲಿ ಜನಕ್ಕೆ ಗೊತ್ತಿಲ್ಲದ ನಿಯಮವೊಂದಿದೆ. ತನಿಖೆಯ ಹೊತ್ತಿನಲ್ಲಿ ಪೊಲೀಸರ ಮುಂದೆ ಕೊಟ್ಟ ಹೇಳಿಕೆಯನ್ನು ಬರೆದುಕೊಂಡರೆ ಅದಕ್ಕೆ ಹೇಳಿದವನ ಸಹಿ ಹಾಕಿಸುವಂತಿಲ್ಲ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಾಗಿ ನಿಲ್ಲುವುದಿಲ್ಲ, ಅದರಿಂದ ವಸ್ತು ಪತ್ತೆಯಾದರೆ ಆ ಪತ್ತೆಗೆ ಸಂಬಂಧಿಸಿದಷ್ಟು ಮಾತ್ರ ನಿಲ್ಲುತ್ತದೆ. ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಆರೋಪಿಯನ್ನು ಒತ್ತಾಯಿಸಬಾರದೆಂದು ಸಂವಿಧಾನದ 20(3)ನೆಯ ವಿಧಿ ಹೇಳುತ್ತದೆ. ಕಿಸೆಯಲ್ಲಿರುವ ಮೊಬೈಲಿಗೂ ರಕ್ಷಣೆಯುಂಟು. ಫೋನಿನ ಶೋಧಕ್ಕೆ ಸಾಮಾನ್ಯವಾಗಿ ವಾರಂಟು ಬೇಕು, ತುರ್ತಿದ್ದರೆ ಕಾರಣ ಬರೆದಿಡಬೇಕು ಎಂಬುದು ಕರ್ನಾಟಕ ಹೈಕೋರ್ಟು 2021ರಲ್ಲಿ ವೀರೇಂದ್ರ ಖನ್ನಾ ಪ್ರಕರಣದಲ್ಲಿ ಹಾಕಿಕೊಟ್ಟ ದಾರಿ.

ಸಣ್ಣದು ದೊಡ್ಡದಾಗುವ ಬಗೆಗೆ ಉದಾಹರಣೆ ಬೇಕಾದರೆ ದೂರ ಹೋಗಬೇಕಿಲ್ಲ. 2023ರ ನವೆಂಬರ್ 30ರ ರಾತ್ರಿ ಚಿಕ್ಕಮಗಳೂರು ಪಟ್ಟಣದಲ್ಲಿ ಹೆಲ್ಮೆಟ್ ಇಲ್ಲದೆ ಬೈಕಿನಲ್ಲಿ ಬಂದ ಯುವ ವಕೀಲರೊಬ್ಬರಿಗೂ ಪೊಲೀಸರಿಗೂ ಮಾತಿಗೆ ಮಾತು ಬೆಳೆಯಿತು. ಠಾಣೆಯೊಳಗೆ ಎಳೆದೊಯ್ದು ಹೊಡೆದರೆಂಬ ಆರೋಪ ಬಂತು. ಪಿಎಸ್‌ಐ ಸೇರಿ ಆರು ಮಂದಿ ಅಮಾನತಾದರು. ರಾಜ್ಯದ ಹಲವೆಡೆ ವಕೀಲರು ಕಲಾಪದಿಂದ ಹೊರಗುಳಿದರು, ಹೈಕೋರ್ಟು ವಿಷಯವನ್ನು ಕೈಗೆತ್ತಿಕೊಂಡಿತು, ತನಿಖೆ ಸಿಐಡಿಗೆ ಹೋಯಿತು. ತಮ್ಮವರ ಮೇಲೆ ಮೊಕದ್ದಮೆ ಹೂಡಿದ್ದನ್ನು ಪ್ರತಿಭಟಿಸಿ ಪೊಲೀಸರೂ ಅವರ ಮನೆಯವರೂ ಬೀದಿಗಿಳಿದ ಅಪರೂಪದ ದೃಶ್ಯವನ್ನೂ ಆ ಪಟ್ಟಣ ಕಂಡಿತು. ಹೆಲ್ಮೆಟ್ ಹಾಕದ್ದಕ್ಕೆ ಕರ್ನಾಟಕದಲ್ಲಿ ದಂಡ 500 ರೂಪಾಯಿ. ಒಂದು ರಸೀದಿಯಲ್ಲಿ ಮುಗಿಯಬೇಕಿದ್ದ ಮಾತು.

ಅದೇ ವರ್ಷದ ಡಿಸೆಂಬರಿನಲ್ಲಿ ಬೆಳಗಾವಿಯ ಅಧಿವೇಶನ ವಕೀಲರ ಮೇಲಿನ ಹಿಂಸಾಚಾರ ತಡೆಯುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಸಂಜ್ಞೇಯ ಪ್ರಕರಣದಲ್ಲಿ ವಕೀಲರನ್ನು ದಸ್ತಗಿರಿ ಮಾಡಿದರೆ 24 ಗಂಟೆಯೊಳಗೆ ವಕೀಲರ ಸಂಘಕ್ಕೆ ತಿಳಿಸಬೇಕೆಂಬ ನಿಯಮ ಅದರಲ್ಲಿದೆ. ಒಳ್ಳೆಯದೇ. ಅಡಿಕೆ ಸುಲಿಯುವವನಿಗೆ ಅಂಥ ಸಂಘವಿಲ್ಲ. ಅವನ ಪಾಲಿಗಿರುವುದು ಸುಪ್ರೀಂ ಕೋರ್ಟಿನ 1996ರ ಡಿ.ಕೆ. ಬಸು ತೀರ್ಪು ಮತ್ತು ಅದು ಈಗ ಕಾನೂನಾಗಿ ಕೂತಿರುವ ಕಲಂಗಳು. ಹಿಡಿಯುವವರ ಎದೆಯ ಮೇಲೆ ಹೆಸರು ಓದುವಂತೆ ಇರಬೇಕು. ದಸ್ತಗಿರಿ ಪತ್ರಕ್ಕೆ ಮನೆಯವರದೋ ಊರಿನ ಮರ್ಯಾದಸ್ಥರದೋ ಸಹಿ ಬೀಳಬೇಕು. ಅವನು ಹೇಳಿದ ಒಬ್ಬರಿಗೆ ಸುದ್ದಿ ಮುಟ್ಟಿಸಬೇಕು, ವೈದ್ಯಕೀಯ ಪರೀಕ್ಷೆ ಆಗಬೇಕು. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಹೆಂಗಸರನ್ನು ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ, ಅಸಾಧಾರಣ ಸಂದರ್ಭದಲ್ಲಿ ಮ್ಯಾಜಿಸ್ಟ್ರೇಟರ ಮುಂಗಡ ಅನುಮತಿ ಪಡೆದ ಹೊರತು, ದಸ್ತಗಿರಿ ಮಾಡುವಂತಿಲ್ಲ. ದಸ್ತಗಿರಿಯ ಕಾರಣಗಳನ್ನು ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕು, ಆಗಲೇ ಸಾಧ್ಯವಾಗದಿದ್ದರೆ ರಿಮ್ಯಾಂಡಿಗೆ ಎರಡು ಗಂಟೆ ಮುಂಚೆಯಾದರೂ ಕೊಡಬೇಕು ಎಂದು 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕಾಫಿ ತೋಟಗಳ ಲೈನುಗಳಲ್ಲಿ ಈಗ ಅಸ್ಸಾಮಿನಿಂದ ಬಂದ ಸಂಸಾರಗಳಿವೆ. ಅವರ ಪಾಲಿಗೆ "ಅರ್ಥವಾಗುವ ಭಾಷೆ" ಎಂಬ ಎರಡು ಪದಗಳ ತೂಕವೇ ಬೇರೆ. ಅಂದಹಾಗೆ, ದೇಶದ ಪ್ರಜೆ ರಸ್ತೆಯಲ್ಲಿ ನಡೆಯುವಾಗ ಗುರುತಿನ ಚೀಟಿ ಇಟ್ಟುಕೊಂಡಿರಲೇಬೇಕೆಂಬ ಸಾಮಾನ್ಯ ಕಾನೂನು ಯಾವುದೂ ಇಲ್ಲ. ಪೊಲೀಸರ ಕಣ್ಣೆದುರು ಅಸಂಜ್ಞೇಯ ತಪ್ಪು ಮಾಡಿದವನು ಅಥವಾ ಅಂಥ ತಪ್ಪಿನ ಆರೋಪ ಬಂದವನು ಮಾತ್ರ ನಿಜವಾದ ಹೆಸರು, ವಿಳಾಸ ಹೇಳಲೇಬೇಕು. ಹೇಳದಿದ್ದರೆ ಹಿಡಿಯುವ ಅಧಿಕಾರ ಹುಟ್ಟುತ್ತದೆ.

ಕೈಕೋಳದ ಬಗ್ಗೆಯೂ ಕರ್ನಾಟಕದ್ದೇ ಒಂದು ತೀರ್ಪಿದೆ. ಬೆಳಗಾವಿ ಜಿಲ್ಲೆಯಲ್ಲಿ ಚೆಕ್‌ಬೌನ್ಸ್ ಪ್ರಕರಣದ ವಾರಂಟಿನ ಮೇಲೆ ಹಿಡಿದ ಕಾನೂನು ವಿದ್ಯಾರ್ಥಿಯೊಬ್ಬನನ್ನು 2019ರಲ್ಲಿ ಕೋಳ ತೊಡಿಸಿ ಜನರೆದುರು ನಡೆಸಲಾಗಿತ್ತು. 2022ರಲ್ಲಿ ಹೈಕೋರ್ಟಿನ ಧಾರವಾಡ ಪೀಠ ಅವನಿಗೆ ಎರಡು ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಕೋಳ ಹಾಕಿದರೆ ಕಾರಣ ಬರೆದಿಡಬೇಕು, ದಸ್ತಗಿರಿ ಮಾಡುವವರ ಮೈಮೇಲೆ ಕ್ಯಾಮೆರಾ ಇರಬೇಕು ಎಂದೂ ಹೇಳಿತು. ಹೊಸ ಸಂಹಿತೆ ಕೈಕೋಳಕ್ಕೆ ಅವಕಾಶ ಕೊಟ್ಟಿರುವುದು ಪದೇಪದೇ ತಪ್ಪು ಮಾಡುವವರಿಗೆ, ತಪ್ಪಿಸಿಕೊಂಡವರಿಗೆ ಮತ್ತು ಹೆಸರಿಸಿದ ಕೆಲವು ಘೋರ ಅಪರಾಧಗಳಿಗೆ.

ತಪಾಸಣೆಯ ಕಂಬದ ಬಳಿ ನಿಂತರೆ ಮಲೆನಾಡಿಗೆ ಇನ್ನೊಂದು ನೆನಪು ಬರುತ್ತದೆ. ನಕ್ಸಲ್ ಚಟುವಟಿಕೆಯಿದ್ದ ಎರಡು ದಶಕ ಈ ಕಾಡಂಚಿನ ಊರುಗಳವರು ಕತ್ತಲಾದ ಮೇಲೆ ಟಾರ್ಚಿನ ಬೆಳಕಿಗೆ ಮುಖ ಕೊಟ್ಟು ಉತ್ತರಿಸುವುದನ್ನು ರೂಢಿ ಮಾಡಿಕೊಂಡಿದ್ದರು. 2014ರ ಏಪ್ರಿಲಿನಲ್ಲಿ ಶೃಂಗೇರಿ ಸಮೀಪದ ತನಿಕೋಡು ಚೆಕ್‌ಪೋಸ್ಟಿನ ಬಳಿ ನಕ್ಸಲ್ ನಿಗ್ರಹ ದಳದವರ ಗುಂಡಿಗೆ ಜಾನುವಾರು ಸಾಗಣೆಯ ವಾಹನದಲ್ಲಿದ್ದ ಕರಾವಳಿಯ ಯುವಕನೊಬ್ಬ ಬಲಿಯಾದ. ಸರಕಾರ ಸಿಐಡಿ ತನಿಖೆಗೆ ಒಪ್ಪಿಸಿ ಪರಿಹಾರ ಕೊಟ್ಟಿತು. ದಸ್ತಗಿರಿಯ ಕಲಂ ಮೊದಲಿನಿಂದಲೂ ಒಂದು ಎಲ್ಲೆ ಹೇಳುತ್ತ ಬಂದಿದೆ: ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧದ ಆರೋಪವಿಲ್ಲದವನನ್ನು ಹಿಡಿಯುವ ನೆಪದಲ್ಲಿ ಪ್ರಾಣ ತೆಗೆಯುವ ಹಕ್ಕು ಯಾರಿಗೂ ಇಲ್ಲ.

ನಿತ್ಯದ ವಾಹನ ತಪಾಸಣೆಯ ನಿಯಮಗಳು ಇದಕ್ಕಿಂತ ಸರಳ. ಚಾಲನಾ ಪರವಾನಗಿ, ನೋಂದಣಿ ಪತ್ರಗಳನ್ನು ಡಿಜಿಲಾಕರಿನಲ್ಲಿ ತೋರಿಸಿದರೆ ಸಾಕೆಂದು 2018ರಲ್ಲೇ ಕೇಂದ್ರದ ನಿಯಮ ತಿದ್ದುಪಡಿಯಾಗಿದೆ. ದಾಖಲೆ ವಶಪಡಿಸಿಕೊಂಡರೆ ಸ್ವೀಕೃತಿ ಕೊಡಬೇಕು. ಚುನಾವಣೆಯ ಕೋವಿಗೂ ಇದೇ ಮಾತು ಸಲ್ಲುತ್ತದೆ. ಯಾರ ಕೋವಿ ಒಪ್ಪಿಸಿಕೊಳ್ಳಬೇಕೆಂದು ಪರಿಶೀಲಿಸಲು ಜಿಲ್ಲಾ ಮಟ್ಟದ ಸಮಿತಿ ಇರುತ್ತದೆ, ಒಪ್ಪಿಸಿದವನ ಕೈಗೆ ರಸೀದಿ ಬರಬೇಕು. ಹಂದಿಗಳು ನೀತಿಸಂಹಿತೆ ಪಾಲಿಸುವುದಿಲ್ಲವಾದ್ದರಿಂದ ಬೆಳೆಗಾರರಿಗೆ ಇದು ತಮಾಷೆಯ ವಿಷಯವಲ್ಲ.

ಕುಡಿತ, ಇಸ್ಪೀಟುಗಳ ವಿಚಾರ ಚುಟುಕಾಗಿ ಹೇಳಬಹುದು. ಕುಡಿದು ಸಾರ್ವಜನಿಕರಿಗೆ ಕಿರಿಕಿರಿ ಮಾಡಿದವನಿಗೆ ಹಳೆಯ ದಂಡ ಸಂಹಿತೆಯಲ್ಲಿ 24 ಗಂಟೆ ಸಜೆ ಅಥವಾ ಹತ್ತು ರೂಪಾಯಿ ದಂಡವಿತ್ತು. ಈಗ ದಂಡ ಸಾವಿರಕ್ಕೆ ಏರಿದೆ, ಸಮುದಾಯ ಸೇವೆಯೂ ಸೇರಿದೆ. ರಸ್ತೆಬದಿಯ ಅಂದರ್-ಬಾಹರ್ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 87ನೆಯ ಕಲಂಗೆ ಬರುತ್ತದೆ. 2021ರ ತಿದ್ದುಪಡಿಗೆ ಮುಂಚೆ, ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ದಾಳಿ ಮಾಡಿದ ಎಷ್ಟೋ ಇಸ್ಪೀಟು ಪ್ರಕರಣಗಳನ್ನು ಹೈಕೋರ್ಟು ರದ್ದುಪಡಿಸಿತು. ಅಲ್ಲಿಯೂ ತಪ್ಪಿದ್ದು ಒಂದು ಕಾಗದ. ಸೂರ್ಯಾಸ್ತದ ನಂತರ ಸಂಶಯಾಸ್ಪದವಾಗಿ ಇದ್ದನೆಂಬ ಅದೇ ಕಾಯ್ದೆಯ 96ನೆಯ ಕಲಂ ಎಷ್ಟು ಸಡಿಲವೆಂದರೆ, ಬೇಟೆಗೆ ಹೊರಟವನಿಗೂ ಕೊನೆಯ ಬಸ್ಸು ತಪ್ಪಿದವನಿಗೂ ಅದು ಹೊಂದಿಕೊಳ್ಳುತ್ತದೆ.

ಇನ್ನು ಉಳಿದದ್ದು ಮುಚ್ಚಳಿಕೆ. ಬೇಲಿ, ದಾರಿ, ಹಳ್ಳದ ನೀರಿನ ತಕರಾರುಗಳಲ್ಲಿ ಎರಡೂ ಕಡೆಯವರನ್ನು ಕೂರಿಸಿ, ಬೈದು, ಬುದ್ಧಿ ಹೇಳಿ, ಬಿಳಿಹಾಳೆಯ ಮೇಲೆ ಬರೆಸಿಕೊಂಡು ಕಳಿಸುವ ಪದ್ಧತಿ ಹಳೆಯದು. ಇದರಿಂದ ಎಷ್ಟೋ ಹೊಡೆದಾಟಗಳು ತಪ್ಪಿವೆ, ಸುಳ್ಳಲ್ಲ. ಸಿವಿಲ್ ನ್ಯಾಯಾಲಯದ ವರ್ಷಗಟ್ಟಲೆ ಅಲೆದಾಟಕ್ಕಿಂತ ಒಂದು ಮಧ್ಯಾಹ್ನದ ಬೈಗುಳ ವಾಸಿ ಎನ್ನುವವರೂ ಇದ್ದಾರೆ. ಆದರೆ ಗಡಿ ಎಲ್ಲಿದೆಯೆಂದು ತೀರ್ಮಾನಿಸುವ ಅಧಿಕಾರ ಠಾಣೆಗಿಲ್ಲ. ಅಳತೆ ಭೂಮಾಪನ ಇಲಾಖೆಯದು, ಹಕ್ಕಿನ ತೀರ್ಮಾನ ನ್ಯಾಯಾಲಯದ್ದು. ಶಾಂತಿ ಪಾಲನೆಗೆ ಬಾಂಡು ಬರೆಸಿಕೊಳ್ಳುವವರು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು, ತಾಲ್ಲೂಕಿನ ಮಟ್ಟಿಗೆ ತಹಸೀಲ್ದಾರರು. ಠಾಣೆಯಲ್ಲಿ ಹೆದರಿಸಿ ಬರೆಸಿಕೊಂಡ ಹಾಳೆಯಿಂದ ಯಾರ ಜಮೀನೂ ಯಾರಿಗೂ ಹೋಗುವುದಿಲ್ಲ. ಅರ್ಜಿ ಕೊಟ್ಟವನು ಸ್ವೀಕೃತಿಯನ್ನು, ಅರ್ಜಿ ಮುಗಿಸಿದಾಗ ಹಿಂಬರಹವನ್ನು ಕೇಳಿ ಪಡೆದರೆ ಮುಂದೆ ನ್ಯಾಯಾಲಯದಲ್ಲಿ ತೋರಿಸಲು ಒಂದು ಆಧಾರವಾದರೂ ಇರುತ್ತದೆ.

ಈ ಚೀಟಿಗಳು ಪೊಲೀಸರಿಗೆ ವಿರುದ್ಧವೆಂದು ಭಾವಿಸಬೇಕಿಲ್ಲ. ಸುಳ್ಳು ಆರೋಪ ಬಂದ ಕಾನ್‌ಸ್ಟೇಬಲ್ಲನ್ನು ಉಳಿಸುವುದೂ ಅವೇ. ಶೋಧ, ಜಪ್ತಿಗಳನ್ನು ಚಿತ್ರೀಕರಿಸಬೇಕೆಂದು ಹೊಸ ಸಂಹಿತೆ ಹೇಳುತ್ತದೆ. ಎಲ್ಲ ಠಾಣೆಗಳಲ್ಲೂ ಸಿ.ಸಿ. ಕ್ಯಾಮೆರಾ ಇರಬೇಕು, ಚಿತ್ರಣ ಹದಿನೆಂಟು ತಿಂಗಳು ಉಳಿಯಬೇಕು ಎಂದು ಸುಪ್ರೀಂ ಕೋರ್ಟಿನ 2020ರ ಪರಮ್‌ವೀರ್ ಸಿಂಗ್ ಸೈನಿ ತೀರ್ಪು ಹೇಳಿತು. ಲಾಕಪ್ಪಿನಲ್ಲಿ ಏನು ನಡೆಯಿತೆಂಬ ಪ್ರಶ್ನೆಗೆ ಎರಡು ಬಾಯಿಮಾತುಗಳ ನಡುವೆ ಮೂರನೆಯ ಸಾಕ್ಷಿ ಅದು. ಇದೇ ಚಿಕ್ಕಮಗಳೂರು ಜಿಲ್ಲೆಯ ಗೋಣಿಬೀಡು ಠಾಣೆಯಲ್ಲಿ 2021ರ ಮೇ ತಿಂಗಳಲ್ಲಿ ದಲಿತ ಯುವಕನೊಬ್ಬನಿಗೆ ಮೂತ್ರ ಕುಡಿಯುವಂತೆ ಬಲವಂತ ಮಾಡಿದರೆಂಬ ಆರೋಪ ಬಂದಾಗ ಪಿಎಸ್‌ಐ ಅಮಾನತಾಗಿ, ತನಿಖೆ ಸಿಐಡಿಗೆ ಹೋಗಿ, ಮುಂದೆ ದಸ್ತಗಿರಿಯೂ ಆಯಿತು. ಅದು ಶುರುವಾದದ್ದು ಆ ಯುವಕ ಮೇಲಧಿಕಾರಿಗಳಿಗೆ ಬರೆದ ದೂರಿನಿಂದ.

ಬರೆಯಲು ಬಾರದವರಿಗೆ, ವಕೀಲರಿಗೆ ಕೊಡಲು ಹಣವಿಲ್ಲದವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಗಳಿವೆ. 1987ರ ಕಾಯ್ದೆಯ ಪ್ರಕಾರ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು ಆದಾಯದ ಲೆಕ್ಕವಿಲ್ಲದೆ ಉಚಿತ ವಕೀಲರನ್ನು ಪಡೆಯಬಹುದು. ಸಹಾಯವಾಣಿ 15100.

ಠಾಣೆ ದೂರು ತೆಗೆದುಕೊಳ್ಳದಿದ್ದರೆ ಏನು ಮಾಡಬೇಕೆಂದು ಕೊನೆಯದಾಗಿ ನೋಡಬಹುದು. ಸುರಕ್ಷಾ ಸಂಹಿತೆಯ 173ನೆಯ ಕಲಂನ ನಾಲ್ಕನೆಯ ಉಪಕಲಂ ದಾರಿ ತೋರಿಸುತ್ತದೆ. ದೂರಿನ ಸಾರವನ್ನು ಬರೆದು ಅಂಚೆಯ ಮೂಲಕ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಬೇಕು. ಅಲ್ಲಿಯೂ ಆಗದಿದ್ದರೆ ಪ್ರಮಾಣಪತ್ರದೊಂದಿಗೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ. ಅಂಚೆ ಎಂಬ ಪದವನ್ನು ಕಾನೂನೇ ಬರೆದಿಟ್ಟಿರುವುದು ಗಮನಿಸತಕ್ಕದ್ದು. ಕಾಡಂಚಿನ ಎಷ್ಟೋ ಹಳ್ಳಿಗಳಿಗೆ ಠಾಣೆಗಿಂತ ಅಂಚೆ ಕಚೇರಿ ಹತ್ತಿರ. ಅಲ್ಲಿ ಮುದ್ರೆ ಒತ್ತಿ, ತಾರೀಕು ಹಾಕಿ ರಸೀದಿ ಹರಿದುಕೊಡುತ್ತಾರೆ.